ಪೈಲಟ್‌ಗಳ ವೈದ್ಯಕೀಯ ಅರ್ಹತೆ: ನಿಯಮ ಅಳೆಯುವುದೇನು, ಬಿಡುವುದೇನು?

“ಸಾರ್, ಕನ್ನಡಕ ಹಾಕೋರು ಪೈಲಟ್ ಆಗಬಹುದಾ?”

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕುಗಳ ಯಾವ ಪದವಿಪೂರ್ವ ಕಾಲೇಜಿನಲ್ಲಿ ವಿಮಾನದ ವಿಜ್ಞಾನ ಕುರಿತು ಮಾತನಾಡಿದರೂ ಕೊನೆಗೆ ಏಳುವ ಮೊದಲ ಪ್ರಶ್ನೆ ಇದು. ನೀವು ವಿಜ್ಞಾನ ಉಪನ್ಯಾಸಕರಾಗಿದ್ದರೆ ನಿಮಗೂ ಎದುರಾಗಿರಬೇಕು. ಉತ್ತರ ಸುಲಭ: ಆಗಬಹುದು. ಕನ್ನಡಕ ಹಾಕಿಕೊಂಡು ಪ್ರತಿ ಕಣ್ಣಿಗೂ 6/9, ಎರಡೂ ಕಣ್ಣು ಸೇರಿ 6/6 ದೃಷ್ಟಿ ಇದ್ದರೆ ವೃತ್ತಿಪರ ಪೈಲಟ್‌ಗೆ ಸಾಕು. ಸಾಮಾನ್ಯ ಕಣ್ಣು 9 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್‌ನಿಂದಾದರೂ ಓದಬೇಕು ಎಂಬುದು 6/9ರ ಅರ್ಥ. ಖಾಸಗಿ ಪೈಲಟ್‌ಗೆ ಇನ್ನೂ ಸಡಿಲ. ಒಂದೊಂದು ಕಣ್ಣಿಗೆ 6/12 ಆದರೂ ನಡೆಯುತ್ತದೆ.

ಆದರೆ ಈ ಪ್ರಶ್ನೆಯ ಬೆನ್ನಿಗೇ ಬರಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಪರೀಕ್ಷೆ ಯಾವಾಗ ಆಗುತ್ತದೆ? ತರಬೇತಿ ಶುಲ್ಕ ಕಟ್ಟುವ ಮುಂಚೆಯೋ, ಕಟ್ಟಿದ ಮೇಲೋ? ನಿಯಮದ ದೋಷ ಹೊರಬೀಳುವುದು ಇಲ್ಲಿಯೇ ಎಂಬುದು ನನ್ನ ತಕರಾರು. ಅದನ್ನು ಹೇಳುವ ಮುಂಚೆ ನಿಯಮದ ಹಿಂದಿನ ತರ್ಕಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸೋಣ.

1944ರ ಷಿಕಾಗೋ ಒಪ್ಪಂದದ ಮೊದಲನೆಯ ಅನುಬಂಧ ಪೈಲಟ್‌ಗಳ ದೇಹಾರೋಗ್ಯದ ಮಟ್ಟವನ್ನು ನಿಗದಿಪಡಿಸುತ್ತದೆ. ನಮ್ಮ ದೇಶದಲ್ಲಿ 1937ರ ವಿಮಾನ ನಿಯಮಾವಳಿಯ ಅಡಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ಜಾರಿ ಮಾಡುತ್ತದೆ. ಸಂಬಳಕ್ಕೆ ವಿಮಾನ ಹಾರಿಸುವವರಿಗೆ ಒಂದನೇ ದರ್ಜೆಯ ವೈದ್ಯಕೀಯ ಪತ್ರ ಬೇಕು. ಸ್ವಂತಕ್ಕೆ ಹಾರಿಸುವವರಿಗೆ, ಕಲಿಯುತ್ತಿರುವವರಿಗೆ ಎರಡನೇ ದರ್ಜೆಯದು ಸಾಕು. ಅಂತರರಾಷ್ಟ್ರೀಯ ಮಾನದಂಡದಂತೆ ವೃತ್ತಿಪರರ ಪತ್ರ ಹೆಚ್ಚೆಂದರೆ 12 ತಿಂಗಳು ಬಾಳುತ್ತದೆ. 60 ದಾಟಿದವರಿಗೂ, ಒಬ್ಬರೇ ಚಾಲಕರಾಗಿ ಪ್ರಯಾಣಿಕರನ್ನು ಒಯ್ಯುವ 40 ದಾಟಿದವರಿಗೂ 6 ತಿಂಗಳು. ಖಾಸಗಿ ಪೈಲಟ್‌ಗೆ 60 ತಿಂಗಳವರೆಗೂ ಅವಕಾಶವಿದೆ. 40 ದಾಟಿದರೆ 24.

ಈ ತಾರತಮ್ಯ ಏಕೆ? 1980ರ ದಶಕದಲ್ಲಿ ಯುರೋಪಿನ ಹೃದ್ರೋಗ ತಜ್ಞರೂ ವೈಮಾನಿಕ ವೈದ್ಯರೂ ಕೂತು ಒಂದು ಲೆಕ್ಕ ಹಾಕಿದರು. ಅದಕ್ಕೆ ‘ಶೇಕಡಾ ಒಂದರ ನಿಯಮ’ ಎಂದು ಹೆಸರು. ಒಂದು ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಬಹುದು. ಒಬ್ಬ ಪೈಲಟ್ ವರ್ಷದಲ್ಲಿ ಹಠಾತ್ತನೆ ಕುಸಿದು ಬೀಳುವ ಸಂಭವ 100ರಲ್ಲಿ 1 ಇರಲಿ. ವರ್ಷಕ್ಕೆ 8,760 ಗಂಟೆ. ಅಂದಾಜಿಗೆ 10,000 ಎನ್ನೋಣ. ಹಾಗಾದರೆ ಒಂದು ಗಂಟೆಯಲ್ಲಿ ಕುಸಿಯುವ ಸಂಭವ 10 ಲಕ್ಷದಲ್ಲಿ 1. ಮೇಲೇರುವ ಮತ್ತು ಇಳಿಯುವ ನಿಮಿಷಗಳು ಮಾತ್ರ ನಿಜವಾದ ಗಂಡಾಂತರದವು. ಗಂಟೆಯ ಹಾರಾಟದಲ್ಲಿ ಅವು ಸುಮಾರು 6 ನಿಮಿಷ, ಅಂದರೆ ಹತ್ತನೆಯ ಒಂದು ಭಾಗ. ಈಗ ಸಂಭವ 1 ಕೋಟಿಯಲ್ಲಿ 1. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ದಾರೆ. ಅವರು ನಿಯಂತ್ರಣ ತೆಗೆದುಕೊಳ್ಳಲು ವಿಫಲರಾಗುವುದು 100ಕ್ಕೆ 1 ಸಲ ಎಂದಿಟ್ಟುಕೊಳ್ಳಿ. ಉತ್ತರ: 100 ಕೋಟಿ ಗಂಟೆಗೆ ಒಂದು ದುರಂತ. ವಿಮಾನದ ಮುಖ್ಯ ಭಾಗಗಳಿಂದ ನಾವು ನಿರೀಕ್ಷಿಸುವ ಭದ್ರತೆಯೂ ಇಷ್ಟೇ. ಯಂತ್ರವನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ಲೆಕ್ಕ ನನಗೆ ಬಹಳ ಇಷ್ಟ.

ಒಬ್ಬರೇ ಹಾರಿಸುವ ಖಾಸಗಿ ಪೈಲಟ್‌ಗೆ ಇದು ಒಗ್ಗುವುದಿಲ್ಲ. ಪಕ್ಕದ ಸೀಟು ಖಾಲಿ. ಆದರೆ ಅವರು ಕುಸಿದರೆ ಅಪಾಯಕ್ಕೆ ಸಿಲುಕುವವರೂ ಕಡಿಮೆ. ಅಮೆರಿಕವು 2017ರಿಂದ ಸಣ್ಣ ವಿಮಾನಗಳ ಖಾಸಗಿ ಪೈಲಟ್‌ಗಳಿಗೆ ತಮ್ಮ ಊರಿನ ವೈದ್ಯರ ತಪಾಸಣೆಯೇ ಸಾಕೆಂದು ಒಪ್ಪಿದೆ, ಅದೂ ನಾಲ್ಕು ವರ್ಷಕ್ಕೊಮ್ಮೆ. ನಮ್ಮಲ್ಲಿ ಹವ್ಯಾಸಕ್ಕೆ ವಿಮಾನ ಹಾರಿಸುವವರು ವಿರಳ. ಖಾಸಗಿ ಲೈಸೆನ್ಸ್ ಎಂಬುದು ಬಹುಮಟ್ಟಿಗೆ ವೃತ್ತಿಗೆ ಹತ್ತುವ ಮೆಟ್ಟಿಲು. ಆದ್ದರಿಂದ ಆ ಚರ್ಚೆಯನ್ನು ಇಲ್ಲಿಗೇ ಬಿಡುತ್ತೇನೆ. (ನಡುವೆ ಒಂದು ಮಾತು: ಕೆ.ಆರ್. ಪೇಟೆಗೆ ಹೇಮಾವತಿ ನೀರು ಬರುವ ದಾರಿಯಲ್ಲಿರುವ ಗೊರೂರಿನವರು, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಕ್ಯಾಪ್ಟನ್ ಗೋಪಿನಾಥ್. ಅವರ ಹೆಸರಿನ ಮುಂದಿನ ‘ಕ್ಯಾಪ್ಟನ್’ ಭೂಸೇನೆಯದು, ವಿಮಾನದ್ದಲ್ಲ. ವಿದ್ಯಾರ್ಥಿಗಳು ಇದನ್ನು ಸದಾ ತಪ್ಪು ತಿಳಿಯುತ್ತಾರೆ.)

ಈಗ ಆ ಲೆಕ್ಕದ ಕೊನೆಯ ಸಾಲಿಗೆ ಹಿಂತಿರುಗಿ. ‘ಪಕ್ಕದವರು ವಿಫಲರಾಗುವುದು 100ಕ್ಕೆ 1 ಸಲ’. ಈ ಅಂಕಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ?

2010ರ ಮೇ 22ರ ಬೆಳಗಿನ ಮಂಗಳೂರನ್ನು ನೆನಪಿಸಿಕೊಳ್ಳಿ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಿಂದಾಚೆಗೆ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದವರು 8 ಮಂದಿ. ತನಿಖಾ ನ್ಯಾಯಾಲಯ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಕೇಳಿತು. ಮುದ್ರಣವಾಗಿದ್ದುದು ಸುಮಾರು 2 ಗಂಟೆ 5 ನಿಮಿಷ; ಅದರ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಾತೇ ಆಡಿಲ್ಲ. ಗೊರಕೆಯ ಸದ್ದಿದೆ. ಎದ್ದ ಮೇಲೆ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರಿ ಎಂದು ಎಚ್ಚರಿಸಿದ್ದರು. ಆದರೆ ನಿಯಂತ್ರಣ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ಯಾರ ಹೃದಯವೂ ನಿಲ್ಲಲಿಲ್ಲ. ಯಾರ ಕಣ್ಣೂ ಮಂಜಾಗಿರಲಿಲ್ಲ. ದೀರ್ಘ ನಿದ್ದೆಯಿಂದ ಎದ್ದೊಡನೆ ಮಿದುಳು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ನಿರ್ಧಾರ ನಿಧಾನವಾಗುತ್ತದೆ, ಹಿಡಿದ ಹಟ ಬಿಡುವುದಿಲ್ಲ. ನಿದ್ರಾಜಡತೆ ಎಂದು ಕರೆಯುವ ಈ ಸ್ಥಿತಿ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಡುತ್ತದೆ. ಅದೂ ನಸುಕಿನ ಹೊತ್ತು. ದೇಹದ ಒಳಗಡಿಯಾರ ಅತ್ಯಂತ ಮಂದವಾಗಿ ನಡೆಯುವ ಗಳಿಗೆ. ಕಬ್ಬಿನ ಗದ್ದೆಗೆ ರಾತ್ರಿ ಪಾಳಿಯ ಕರೆಂಟಿನಲ್ಲಿ ನೀರು ಹಾಯಿಸಿದವರಿಗೆ ಆ ಗಳಿಗೆ ಯಾವುದೆಂದು ನಾನು ಹೇಳಬೇಕಾಗಿಲ್ಲ. ಅಮೆರಿಕದ ನಾಸಾ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ವಿಶ್ರಾಂತಿ ಕೊಟ್ಟು ನೋಡಿದ್ದರು. ಸರಾಸರಿ 26 ನಿಮಿಷ ಮಲಗಿದವರು ಮಲಗದವರಿಗಿಂತ ಹೆಚ್ಚು ಎಚ್ಚರವಾಗಿದ್ದರು. ಅಂದರೆ ಅಳೆದು ಕೊಟ್ಟ ನಿದ್ದೆ ಮದ್ದು. ಅಳತೆ ತಪ್ಪಿದರೆ ಅದೇ ವಿಷ.

ಒಂದನೇ ದರ್ಜೆಯ ಪರೀಕ್ಷೆ ನಿಮ್ಮ ಶ್ರವಣವನ್ನು 500ರಿಂದ 3,000 ಹರ್ಟ್ಸ್‌ವರೆಗೆ ಡೆಸಿಬೆಲ್ ಲೆಕ್ಕದಲ್ಲಿ ಅಳೆಯುತ್ತದೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಎಂಬುದನ್ನು ವರ್ಷಕ್ಕೊಮ್ಮೆ ನಡೆಯುವ ಯಾವ ಪರೀಕ್ಷೆಯೂ ಅಳೆಯಲಾರದು. ಅದಕ್ಕೆ ಬೇರೆ ನಿಯಮವಿದೆ, ಕರ್ತವ್ಯದ ಅವಧಿಯ ಮಿತಿ. 2024ರ ಜನವರಿಯಲ್ಲಿ ಮಹಾನಿರ್ದೇಶನಾಲಯ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ರಾತ್ರಿ ಇಳಿಯುವಿಕೆಗಳನ್ನು 6ರಿಂದ 2ಕ್ಕೆ ಇಳಿಸಿತು. ನಿದ್ರಾವಿಜ್ಞಾನ ಮೆಚ್ಚುವ ಹೆಜ್ಜೆ. ಆದರೆ ಅದು ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಇಂಡಿಗೋ ಸಂಸ್ಥೆಯ ಹಾರಾಟಗಳು ರಾಶಿರಾಶಿಯಾಗಿ ರದ್ದಾದಾಗ ರಾತ್ರಿ ಕೆಲಸದ ಮಿತಿಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ದೊರೆಯಿತು. ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ಪಾಡು ನೋಡಿದರೆ ಕಾರಣ ಅರ್ಥವಾಗುತ್ತದೆ, ನಿಜ. ಆದರೂ ನನಗೆ ಒಂದು ವಿಷಯ ಒಗ್ಗುವುದಿಲ್ಲ. ಕಣ್ಣಿನ ಅಳತೆಯಲ್ಲಿ ಒಂದು ಸಾಲು ತಪ್ಪಿದ ಹುಡುಗನಿಗೆ ಸಂಸ್ಥೆಯ ಅನುಕೂಲಕ್ಕಾಗಿ ಯಾರೂ ವಿನಾಯಿತಿ ಕೊಡುವುದಿಲ್ಲ. ನಿದ್ದೆಯ ಅಳತೆಗೆ ಮಾತ್ರ ಕೊಡಬಹುದು.

ಇನ್ನು ಪಕ್ಕದವರ ಮಾತು. ‘100ಕ್ಕೆ 1’ ಎಂಬುದು ಶರೀರಶಾಸ್ತ್ರದ ಅಂಕಿ ಎಂದು ನಾವು ಭಾವಿಸುತ್ತೇವೆ. ಹಿರಿಯರೆದುರು ದನಿ ಏರಿಸಲು ಹಿಂಜರಿಯುವ ಕಡೆ, ಅಧಿಕಾರಿಯ ಕೈಯಿಂದ ಕೆಲಸ ಕಸಿದುಕೊಳ್ಳುವುದನ್ನು ಉದ್ಧಟತನ ಎನ್ನುವ ಕಡೆ, ಆ ಅಂಕಿ 100ಕ್ಕೆ 1ರಲ್ಲೇ ನಿಲ್ಲುತ್ತದೆಯೇ? ಕುಸಿದು ಬಿದ್ದ ಕ್ಯಾಪ್ಟನ್‌ನಿಂದ ನಿಯಂತ್ರಣ ತೆಗೆದುಕೊಳ್ಳುವುದು ಸುಲಭ. ಎಚ್ಚರವಾಗಿ ಕೂತು ತಪ್ಪು ಮಾಡುತ್ತಿರುವ ಕ್ಯಾಪ್ಟನ್‌ನಿಂದ ತೆಗೆದುಕೊಳ್ಳುವುದು ಕಷ್ಟ.

ಪರೀಕ್ಷೆಯ ಕೈಗೆ ಸಿಗದ ಎರಡನೆಯ ಸಂಗತಿ ಮನಸ್ಸು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಆತನ ಕೈಯಲ್ಲಿ ಒಂದನೇ ದರ್ಜೆಯ ಪತ್ರವಿತ್ತು. ಕೆಲವೇ ವಾರಗಳ ಹಿಂದೆ ಒಬ್ಬ ವೈದ್ಯರು ಮನೋರೋಗ ಚಿಕಿತ್ಸೆಗೆ ಆಸ್ಪತ್ರೆಗೆ ಸೇರುವಂತೆ ಸೂಚಿಸಿದ್ದರು. ಆತ ಸಂಸ್ಥೆಗೆ ಹೇಳಲಿಲ್ಲ. ವೈದ್ಯರೂ ಸರ್ಕಾರಕ್ಕೆ ತಿಳಿಸಲಿಲ್ಲ. ಫ್ರಾನ್ಸಿನ ತನಿಖಾ ಸಂಸ್ಥೆ 2016ರಲ್ಲಿ ಕೊಟ್ಟ ವರದಿಯಲ್ಲಿ, ಎಲ್ಲರೂ ಓದಿ ಮುಂದೆ ಹೋದ ಒಂದು ವಿವರವಿದೆ. ತರಬೇತಿಗಾಗಿ ಆತ ಸುಮಾರು 41,000 ಯೂರೋ ಸಾಲ ಮಾಡಿದ್ದ. ಆರೋಗ್ಯದ ಕಾರಣಕ್ಕೆ ಲೈಸೆನ್ಸ್ ಹೋದರೆ ಸಿಗುವ ವಿಮೆಯೂ ಬದುಕು ಸಾಗಿಸುವಷ್ಟಿರಲಿಲ್ಲ. ಸಾಲ ಮಾಡಿದವರೆಲ್ಲ ಹೀಗೆ ಮಾಡುವುದಿಲ್ಲ ಎಂದು ಹೇಳಬೇಕಾಗಿಯೇ ಇಲ್ಲ. ಆದರೆ ಕಾಯಿಲೆಯನ್ನು ಬಚ್ಚಿಡಲು ಸಾಲ ಒಂದು ಬಲವಾದ ಕಾರಣ ಎಂಬುದನ್ನು ವರದಿ ಗಂಭೀರವಾಗಿ ತೆಗೆದುಕೊಂಡಿತು. ಲೈಸೆನ್ಸ್ ಕಳೆದುಕೊಳ್ಳುವವರ ಆರ್ಥಿಕ ನಷ್ಟವನ್ನು ತಗ್ಗಿಸಬೇಕೆಂದು ಶಿಫಾರಸು ಮಾಡಿತು.

ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಗೆ 3,765 ಪೈಲಟ್‌ಗಳು ಉತ್ತರಿಸಿದ್ದರು. ಶೇಕಡಾ 56ರಷ್ಟು ಮಂದಿ, ವೈದ್ಯಕೀಯ ಪತ್ರ ಹೋದೀತೆಂಬ ಭಯದಿಂದ ಒಂದಲ್ಲ ಒಂದು ರೀತಿಯಲ್ಲಿ ಚಿಕಿತ್ಸೆ ತಪ್ಪಿಸಿಕೊಂಡಿದ್ದಾಗಿ ಒಪ್ಪಿಕೊಂಡರು. ಖಿನ್ನತೆಗೆ ಮಾತ್ರೆ ತೆಗೆದುಕೊಂಡು ಸ್ಥಿರವಾಗಿರುವ ಪೈಲಟ್‌ಗೆ ಹಾರಾಡಲು ಅಲ್ಲಿ 2010ರಿಂದ ಕೆಲವು ಷರತ್ತುಗಳೊಂದಿಗೆ ಅವಕಾಶವಿದೆ. ಮಾತ್ರೆ ತೆಗೆದುಕೊಳ್ಳದೆ ಖಿನ್ನತೆಯನ್ನು ಬಚ್ಚಿಟ್ಟವರಿಗಿಂತ ಮಾತ್ರೆ ತೆಗೆದುಕೊಳ್ಳುವವರು ಸುರಕ್ಷಿತ ಎಂಬ ಸರಳ ಯುಕ್ತಿ ಇದರ ಹಿಂದಿದೆ. ವೈದ್ಯರೆದುರು ಇಡುವ ಅರ್ಜಿಯಲ್ಲಿ ‘ನಿಮಗೆ ಎಂದಾದರೂ ಇಂಥ ಕಾಯಿಲೆ ಇತ್ತೇ?’ ಎಂಬ ಪ್ರಶ್ನೆಗಳ ಪಟ್ಟಿ ಇರುತ್ತದೆ. ‘ಹೌದು’ ಎಂದರೆ ಕೆಲಸ ಹೋಗುತ್ತದೆ, ‘ಇಲ್ಲ’ ಎಂದರೆ ಉಳಿಯುತ್ತದೆ ಎಂದಾದರೆ ಆ ಕಾಗದದಿಂದ ಸತ್ಯ ಹೊರಡುವುದು ಕಷ್ಟ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬನ್ನಿ. ವಾಣಿಜ್ಯ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಖರ್ಚು 40–50 ಲಕ್ಷ ರೂಪಾಯಿ, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದೆರಡು ಎಕರೆ ಗದ್ದೆ ಇರುವ ಮನೆಗೆ ಇದು ಪಹಣಿಯನ್ನೇ ಒತ್ತೆ ಇಡುವ ಮೊತ್ತ. ಈ ಹಣ ಕಟ್ಟುವಾಗ ಮಗನ ಕೈಯಲ್ಲಿ ಇರುವುದೇನು? ಹೆಚ್ಚಾಗಿ ಎರಡನೇ ದರ್ಜೆಯ ಪತ್ರ. ನಮ್ಮ ಪದ್ಧತಿಯಲ್ಲಿ ಮೊದಲು ಎರಡನೆಯದು, ಆಮೇಲೆ ಒಂದನೆಯದು. ಎರಡನೆಯದನ್ನು ಹಿಡಿದೇ ವಿದ್ಯಾರ್ಥಿ ಪೈಲಟ್ ಹಾರಲು ತೊಡಗಬಹುದು, ಶುಲ್ಕ ಕಟ್ಟಬಹುದು. ವಾಣಿಜ್ಯ ಲೈಸೆನ್ಸ್ ಕೈಗೆ ಬರಬೇಕಾದರೆ ಮಾತ್ರ ಒಂದನೆಯದು ಅನಿವಾರ್ಯ.

ಇವೆರಡರ ನಡುವಿನ ಅಂತರ ಸಣ್ಣದಲ್ಲ. 6/12 ಕಣ್ಣು ಎರಡನೆಯದನ್ನು ದಾಟುತ್ತದೆ, ಒಂದನೆಯದರಲ್ಲಿ ನಿಲ್ಲುತ್ತದೆ. ಅಂತರರಾಷ್ಟ್ರೀಯ ಮಾನದಂಡ ಎರಡನೇ ದರ್ಜೆಗೆ 40 ದಾಟುವವರೆಗೆ ಇಸಿಜಿಯನ್ನು ಕಡ್ಡಾಯ ಮಾಡಿಲ್ಲ. ಒಂದನೆಯದಕ್ಕೆ ಮೊದಲ ದಿನವೇ ಬೇಕು. ಹೃದಯದಲ್ಲಿ ಹುಟ್ಟಿನಿಂದ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುವ ಹುಡುಗರಿದ್ದಾರೆ. ಓಡುತ್ತಾರೆ, ಈಜುತ್ತಾರೆ, ಒಂದು ದಿನವೂ ಕಾಯಿಲೆ ಬಿದ್ದಿರುವುದಿಲ್ಲ. ಆ ದಾರಿ ಕಾಣುವುದು ಇಸಿಜಿಯ ಗೆರೆಯಲ್ಲಿ ಮಾತ್ರ. ಅದಕ್ಕೆ ಈಗ ಒಳ್ಳೆಯ ಚಿಕಿತ್ಸೆಯೂ ಇದೆ. ಆದರೆ ಇದೆಲ್ಲ ಗೊತ್ತಾಗಬೇಕಾದದ್ದು ಸಾಲದ ಕಾಗದಕ್ಕೆ ರುಜು ಹಾಕುವ ಮೊದಲು.

ನನ್ನ ಆಕ್ಷೇಪ ಇಷ್ಟು: ಒಂದನೇ ದರ್ಜೆಯ ಪತ್ರ ಕೈಗೆ ಬರುವವರೆಗೆ ತರಬೇತಿ ಶಾಲೆಗಳು ಮೊದಲ ಕಂತಿಗಿಂತ ಹೆಚ್ಚು ಹಣ ಪಡೆಯಬಾರದೆಂದು ನಿಯಮ ಹೇಳಬೇಕಿತ್ತು. ಈಗಿನ ಕ್ರಮ, ಮೊದಲು ಮನೆಯವರನ್ನು ಸಾಲಕ್ಕೆ ನೂಕಿ, ಆಮೇಲೆ ಹುಡುಗನನ್ನು ವೈದ್ಯರೆದುರು ಕೂರಿಸಿ ‘ನಿಜ ಹೇಳು’ ಎನ್ನುತ್ತದೆ. ಬಚ್ಚಿಡುವ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಬಣ್ಣದ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಅನರ್ಹತೆಯ ಸುದ್ದಿ ಅತ್ಯಂತ ಆಘಾತ ತರುವುದು ಇಲ್ಲಿ; ಬಣ್ಣಗುರುಡು ಇರುವವರಿಗೇ ಅದು ಗೊತ್ತಿರುವುದಿಲ್ಲ. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದೆ. 2002ರ ಜುಲೈ 26ರಂದು ಅಮೆರಿಕದ ಟ್ಯಾಲಹಾಸಿಯಲ್ಲಿ ಫೆಡ್‌ಎಕ್ಸ್ ಸರಕು ವಿಮಾನವೊಂದು ರನ್‌ವೇಗೆ ಮುಂಚೆಯೇ ನೆಲಕ್ಕೆ ಬಿತ್ತು. ಹಾರಿಸುತ್ತಿದ್ದ ಸಹಪೈಲಟ್‌ಗೆ ತೀವ್ರ ವರ್ಣದೋಷವಿತ್ತು. ವಿನಾಯಿತಿಯ ಮೇಲೆ ಹಾರುತ್ತಿದ್ದರು. ಕಾರಣಗಳ ಪಟ್ಟಿಯಲ್ಲಿ ತನಿಖೆ ಅದನ್ನೂ ಸೇರಿಸಿತು. ಜೊತೆಗೆ ಇಬ್ಬರು ಪೈಲಟ್‌ಗಳ ದಣಿವನ್ನೂ! ಆದ್ದರಿಂದ ಬಣ್ಣದ ಪರೀಕ್ಷೆ ಹಳೆಯ ಕಾಲದ ಕಂದಾಚಾರ ಎಂದು ವಾದಿಸುವವರ ಜೊತೆ ನಾನಿಲ್ಲ.

ಆದರೆ ಜಪಾನಿನ ಇಷಿಹಾರಾ 1917ರಲ್ಲಿ ಪ್ರಕಟಿಸಿದ ಚುಕ್ಕಿಗಳ ಪುಸ್ತಕ ದೋಷ ಇದೆಯೇ ಎಂದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಹಾಗಾಗಿ ಅದರಲ್ಲಿ ಸೋತವರೂ ವಿಮಾನಯಾನದ ದೀಪಗಳ ಬಣ್ಣ ಗುರುತಿಸಬಲ್ಲರಾದರೆ ಅರ್ಹರು ಎಂದು ಅಂತರರಾಷ್ಟ್ರೀಯ ನಿಯಮವೇ ಒಪ್ಪುತ್ತದೆ. ಅದಕ್ಕಾಗಿ ಲಾಂದ್ರದ ಪರೀಕ್ಷೆ ಇದೆ. ಬೆಂಗಳೂರಿನಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ, ಗಗನಯಾನದ ಯಾತ್ರಿಗಳನ್ನು ಪರೀಕ್ಷಿಸಿ ಆರಿಸಿದ ಅದೇ ಸಂಸ್ಥೆ, ಇಂಥ ಕೆಲಸದಲ್ಲಿ ಪಳಗಿದ್ದು. ಬ್ರಿಟನ್ನಿನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ದೋಷದ ಪ್ರಮಾಣ ಅಳೆಯುವ ವಿಧಾನ ಬಂದ ಮೇಲೆ ಬಣ್ಣದೋಷವಿರುವವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದವರು ಪೈಲಟ್ ಕೆಲಸಕ್ಕೆ ಯೋಗ್ಯರೆಂದು ಕಂಡುಬಂತು.

ಈ ದೋಷ ಎಕ್ಸ್ ವರ್ಣತಂತುವಿನ ಮೇಲೆ ಸಾಗುತ್ತದೆ; ಗಂಡಸಿಗೆ ಎಕ್ಸ್ ಒಂದೇ, ಅದು ತಾಯಿಯಿಂದ ಬಂದದ್ದು. ಹೀಗಾಗಿ ತಾಯಿಯ ತಂದೆಗೆ ದೋಷವಿದ್ದರೆ ಮೊಮ್ಮಗನಿಗೆ ಬರುವ ಸಂಭವ ಎರಡರಲ್ಲಿ ಒಂದು. ಹುಡುಗಿಯರಿಗೆ ಬರುವುದು ಅಪರೂಪ ಎಂದು ಪುಸ್ತಕಗಳು ಹೇಳುತ್ತವೆ. ಯುರೋಪಿನ ಮಹಿಳೆಯರಲ್ಲಿ ಸುಮಾರು 200ಕ್ಕೆ 1. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿದೆ. ಬಣ್ಣದೋಷವಿರುವವನು ಅಕ್ಕನ ಮಗಳನ್ನು ಮದುವೆಯಾದರೆ ಏನಾಗುತ್ತದೆ ನೋಡಿ: ಅಕ್ಕ ಆ ಗುಣವನ್ನು ಹೊತ್ತಿರುವ ಸಂಭವ 1/2, ಅವಳ ಮಗಳು ಹೊತ್ತಿರುವುದು 1/4, ದಂಪತಿಗೆ ಹುಟ್ಟುವ ಮಗಳಿಗೆ ದೋಷ ಕಾಣಿಸಿಕೊಳ್ಳುವುದು 1/8. ಪೈಲಟ್ ಆಗಬಯಸುವ ನಮ್ಮ ಹುಡುಗಿಯರೂ ಆ ಚುಕ್ಕಿ ಪುಸ್ತಕ ನೋಡಿಯೇ ಮುಂದುವರಿಯಬೇಕು.

ಇದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಅಧಿಕೃತ ಪತ್ರ ಕೊಡಬೇಕಾದವರು ಮಹಾನಿರ್ದೇಶನಾಲಯ ಒಪ್ಪಿದ ಪರೀಕ್ಷಕರೇ, ಸರಿ. ಆದರೆ ದೋಷ ಇದೆಯೇ ಎಂದು ಮುಂಚಿತವಾಗಿ ತಿಳಿಯಲು ಕಣ್ಣಿನ ವೈದ್ಯರ ಹತ್ತಿರ ಹತ್ತು ನಿಮಿಷ ಕೂತರೆ ಸಾಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಇಸಿಜಿಯನ್ನೂ ಶ್ರವಣ ಪರೀಕ್ಷೆಯನ್ನೂ ಅದೇ ದಿನ ಮುಗಿಸಿಕೊಳ್ಳಬಹುದು. ಹೋಗುವ ಮುಂಚೆ ಮನೆಯಲ್ಲಿ ತಾಯಿಯ ತಂದೆಯ ವಿಷಯ, ಸೋದರಮಾವಂದಿರ ವಿಷಯ ವಿಚಾರಿಸಿ. ‘ಬಣ್ಣಗುರುಡು ಇತ್ತಾ?’ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ಟೊಮೇಟೊ ಬಿಡಿಸುವಾಗ ಹಣ್ಣು ಯಾವುದು, ಕಾಯಿ ಯಾವುದು ಎಂದು ಪಕ್ಕದವರನ್ನು ಕೇಳುತ್ತಿದ್ದರಾ ಎಂದು ಕೇಳಿ.